ಶುಶ್ರೂಷಾ ಶಿಕ್ಷಣದಲ್ಲಿ ಅಂಕಗಳ ಉಬ್ಬರ

ಕಲಿಕೆಯ ಮಟ್ಟ ಏರದೆ ಅಂಕಗಳು ಮಾತ್ರ ಏರುತ್ತ ಹೋಗುವುದನ್ನು ಅಂಕಗಳ ಉಬ್ಬರ ಎನ್ನಬಹುದು. ಇತರ ವಿದ್ಯೆಗಳಲ್ಲಿ ಇದರಿಂದ ಪದವಿಯ ಬೆಲೆ ಕುಗ್ಗುತ್ತದೆ. ಶುಶ್ರೂಷೆಯಲ್ಲಿ ರೋಗಿಯ ಸುರಕ್ಷತೆಯೇ ಕುಗ್ಗುತ್ತದೆ.

ಕರ್ನಾಟಕದ ನರ್ಸಿಂಗ್ ಪದವೀಧರರು ದುಬೈ, ಅಬುಧಾಬಿಗಳಲ್ಲಿ ಕೆಲಸಕ್ಕೆ ಸೇರಬೇಕಾದರೆ ಅಂಕಪಟ್ಟಿಯೊಂದೇ ಸಾಲದು. ಪ್ರಮಾಣಪತ್ರಗಳನ್ನು ಅವುಗಳ ಮೂಲಸಂಸ್ಥೆಯಿಂದಲೇ ದೃಢಪಡಿಸಿಕೊಳ್ಳುವ ‘ಡೇಟಾಫ್ಲೋ’ ಪರಿಶೀಲನೆ ನಡೆಯುತ್ತದೆ. ಜೊತೆಗೆ ದುಬೈ ಆರೋಗ್ಯ ಪ್ರಾಧಿಕಾರದ ಅಥವಾ ಅಬುಧಾಬಿ ಆರೋಗ್ಯ ಇಲಾಖೆಯ ಪರವಾನಗಿ ಪರೀಕ್ಷೆಯನ್ನು ಸಾಮಾನ್ಯವಾಗಿ ಬರೆಯಬೇಕಾಗುತ್ತದೆ. ಪ್ರಮಾಣಪತ್ರ ನಿಜವೇ ಎಂಬುದನ್ನು ಪರಿಶೀಲನೆ ಹೇಳಬಲ್ಲದು. ಅದರಲ್ಲಿನ ಅಂಕ ನಿಜವೇ ಎಂಬುದನ್ನು ಹೇಳಲಾರದು.

ಉಬ್ಬರಕ್ಕೆ ಹೆಚ್ಚು ಅವಕಾಶವಿರುವುದು ಆಂತರಿಕ ಮೌಲ್ಯಮಾಪನದಲ್ಲಿ. ಭಾರತೀಯ ಶುಶ್ರೂಷಾ ಪರಿಷತ್ತಿನ 2021ರ ಪಠ್ಯಕ್ರಮದಂತೆ ಬಿ.ಎಸ್ಸಿ. ನರ್ಸಿಂಗ್‌ನ ಸಿದ್ಧಾಂತ ವಿಷಯಗಳಲ್ಲಿ ಸಾಮಾನ್ಯವಾಗಿ 100ಕ್ಕೆ 25 ಅಂಕ ಕಾಲೇಜಿನ ಕೈಯಲ್ಲಿದೆ. ಪ್ರಾಯೋಗಿಕದಲ್ಲಿ ಇದು ಅರ್ಧದಷ್ಟು. ಶುಲ್ಕವನ್ನೇ ನಂಬಿದ ಕಾಲೇಜು, ಸಾಲ ಮಾಡಿ ಓದಿಸುವ ಪೋಷಕರು, ವಿದ್ಯಾರ್ಥಿನಿಯ ಮೇಲಿನ ಕನಿಕರ, ಇವೆಲ್ಲ ಅಧ್ಯಾಪಕರ ಲೇಖನಿಯನ್ನು ಮೇಲಕ್ಕೆ ಎಳೆಯುತ್ತವೆ. ಇದು ನಮ್ಮಲ್ಲಿಗೆ ಮಾತ್ರ ಸೀಮಿತವಲ್ಲ. ಅನುತ್ತೀರ್ಣಗೊಳಿಸಬೇಕಾದವರನ್ನೂ ವಾರ್ಡಿನ ಮಾರ್ಗದರ್ಶಕರು ತೇರ್ಗಡೆ ಮಾಡುವುದನ್ನು ಸ್ಕಾಟ್ಲೆಂಡಿನ ಕ್ಯಾಥಲೀನ್ ಡಫಿ 2003ರ ತಮ್ಮ ಅಧ್ಯಯನದಲ್ಲಿ ತೋರಿಸಿದ್ದಾರೆ.

ಪರವಾನಗಿ ಪರೀಕ್ಷೆ ಈ ಕೊರತೆಯನ್ನು ತುಂಬುವುದೇ? ಭಾಗಶಃ ಮಾತ್ರ. ಅದು ಗಣಕಯಂತ್ರದ ಮುಂದೆ ಕುಳಿತು ಬರೆಯುವ ಬಹು ಆಯ್ಕೆ ಪರೀಕ್ಷೆ. ಒಂದು ಲೀಟರ್ ದ್ರವವನ್ನು ಎಂಟು ಗಂಟೆಗಳಲ್ಲಿ, ಮಿಲಿಲೀಟರಿಗೆ 20 ಹನಿ ಬೀಳುವ ನಳಿಕೆಯಲ್ಲಿ ಹರಿಸಲು ನಿಮಿಷಕ್ಕೆ ಸುಮಾರು 42 ಹನಿ ಬೇಕು. ಇದನ್ನು ಬಾಯಿಪಾಠದಿಂದಲೂ ಉತ್ತರಿಸಬಹುದು. ಸೂಜಿ ಚುಚ್ಚಿದ ಜಾಗ ಊದಿಕೊಂಡಿದೆ ಎಂದು ಕಂಡು ಆ ಹನಿಯನ್ನು ತಕ್ಷಣ ನಿಲ್ಲಿಸುವ ಕಣ್ಣು, ಕೈಗಳನ್ನು ಆ ಪರೀಕ್ಷೆ ಅಳೆಯದು. ಅದನ್ನು ಅಳೆಯಬೇಕಾದ ಪ್ರಾಯೋಗಿಕ ಅಂಕವೇ ಉಬ್ಬಿದ್ದರೆ, ಕೊರತೆ ಮೊದಲು ಬಯಲಾಗುವುದು ಅಪರಿಚಿತ ದೇಶದ ರೋಗಿಯ ಹಾಸಿಗೆಯ ಬಳಿ.

ಪರಿಹಾರ ಹೊಸದೇನಲ್ಲ. ಎಲ್ಲ ವಿದ್ಯಾರ್ಥಿಗಳೂ ಒಂದೇ ಬಗೆಯ ಕೆಲಸಗಳನ್ನು ಸರದಿಯಂತೆ ಮಾಡಿ ತೋರಿಸುವ, ಪರೀಕ್ಷಕರು ನಿಗದಿತ ಪಟ್ಟಿಯಂತೆ ಅಂಕ ನೀಡುವ ‘ಆಸ್ಕಿ’ ವಿಧಾನವನ್ನು ಡಂಡೀಯ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು 1975ರಲ್ಲೇ ಪ್ರಕಟಿಸಿದರು. ಹೊರಗಿನ ಪರೀಕ್ಷಕರೊಂದಿಗೆ ಇದನ್ನು ಪ್ರಾಮಾಣಿಕವಾಗಿ ನಡೆಸಿದರೆ ಉಬ್ಬರ ಇಳಿಯುತ್ತದೆ. ಕಾಲೇಜಿನಲ್ಲೇ ಸಿಕ್ಕ ಕಡಿಮೆ ಅಂಕವನ್ನು ಅಭ್ಯಾಸದಿಂದ ಸರಿಪಡಿಸಿಕೊಳ್ಳಬಹುದು. ಕೊಲ್ಲಿಯ ವಾರ್ಡಿನಲ್ಲಿ ಬಯಲಾದ ಕೊರತೆಗೆ ರೋಗಿಯೂ ದಾದಿಯೂ ಬೆಲೆ ತೆರಬೇಕಾಗುತ್ತದೆ.