ಬಿಳಿಯ ಚೌಡರಿನ ಪ್ರಾಚೀನತೆ: ಒಂದು ವಿಚಾರ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನಲ್ಲಿ ಕಪ್ಪೆಚಿಪ್ಪಿನ ಮಾಂಸದಿಂದ ಮಾಡುವ ‘ಚೌಡರ್’ ಎಂಬ ಸಾರು ಲೋಕಪ್ರಸಿದ್ಧವಾದುದು. ಹೋಟೆಲಿನಲ್ಲಿ ದೊರೆಯುವಂಥ ಮಂದವಾದ, ಕೆನೆಗೂಡಿದ ಚೌಡರನ್ನು ಮನೆಯಲ್ಲಿ ಸಿದ್ಧಪಡಿಸುವ ಕ್ರಮವನ್ನು ಬೋಧಿಸುವ ಬರೆಹಗಳು ಹೇರಳವಾಗಿವೆ. ಈ ಬಿಳಿಯ ರೂಪವೇ ಮೂಲವೆಂದೂ ಮನೆಯ ತೆಳುವಾದ ಪಾಕ ಅದರ ಅಸಮರ್ಥ ಅನುಕರಣವೆಂದೂ ಅವುಗಳಲ್ಲಿ ಅನೇಕವು ಗೃಹೀತ ಹಿಡಿದಂತೆ ತೋರುತ್ತದೆ. ಆಧಾರಗಳು ಈ ಗ್ರಹಿಕೆಯನ್ನು ಸಮರ್ಥಿಸುವುದಿಲ್ಲವೆಂದು ನಮ್ಮ ಅಭಿಪ್ರಾಯ.

‘ಚೌಡರ್’ ಶಬ್ದವು ಕಡಾಯಿ ಎಂಬರ್ಥದ ಫ್ರೆಂಚ್ ‘ಶೋದಿಯೇರ್’ನಿಂದ ಬಂದಿತೆಂದು ಹಲವರು ಹೇಳುತ್ತಾರೆ, ಮೀನು ಮಾರುವವನನ್ನು ಸೂಚಿಸುವ ಇಂಗ್ಲಿಷ್ ಪ್ರಾಂತೀಯ ಪದವೊಂದನ್ನು ಮೂಲವಾಗಿ ಹಿಡಿಯುವವರೂ ಉಂಟು. ಇದಿರಲಿ. ಮುದ್ರಿತವಾದ ಮೊದಲ ಪಾಕವಿಧಿ ಕಾಣಿಸುವುದು 1751ನೆಯ ಸೆಪ್ಟೆಂಬರಿನಲ್ಲಿ, ‘ಬಾಸ್ಟನ್ ಈವ್ನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ, ಅದೂ ಪದ್ಯರೂಪದಲ್ಲಿ. ಅಲ್ಲಿ ಈರುಳ್ಳಿ, ಉಪ್ಪು ಹಾಕಿದ ಹಂದಿಮಾಂಸ, ಮೀನು, ನೆನೆಸಿದ ಬಿಸ್ಕತ್ತು ಇವುಗಳನ್ನು ಪದರಪದರವಾಗಿ ಜೋಡಿಸಿ, ಕೆಂಪು ದ್ರಾಕ್ಷಾಮದ್ಯ ಸುರಿದು ಬೇಯಿಸುವ ವಿಧಾನವಿದೆ. ಹಾಲಿಲ್ಲ, ಆಲೂಗಡ್ಡೆಯಿಲ್ಲ, ಕಪ್ಪೆಚಿಪ್ಪೂ ಇಲ್ಲ. ಇದು ಹಡಗಿನ ಉಗ್ರಾಣದ ಅಡಿಗೆ. ಕೆಡದೆ ಉಳಿಯುವ ಉಪ್ಪುಮಾಂಸ ಮತ್ತು ಒಣಬಿಸ್ಕತ್ತುಗಳೊಡನೆ ಆ ದಿನ ಬಲೆಗೆ ಬಿದ್ದುದನ್ನು ಕೂಡಿಸಿದ ಪಾಕ. ಸಾರನ್ನು ಮಂದಗೊಳಿಸುತ್ತಿದ್ದುದು ಆ ಬಿಸ್ಕತ್ತೇ.

ಕಪ್ಪೆಚಿಪ್ಪು ಈ ಕಡಾಯಿಗೆ ತಡವಾಗಿ ಬಂದ ಅತಿಥಿ. ಆದರೆ ಆ ನೆಲಕ್ಕೆ ಅದು ಹೊಸದಲ್ಲ. ಯೂರೋಪಿಯನ್ನರು ಬರುವುದಕ್ಕೆ ಬಹುಕಾಲ ಮೊದಲೇ ನ್ಯಾರಗ್ಯಾನ್ಸೆಟ್, ವಾಂಪನೋಗ್ ಮುಂತಾದ ಮೂಲನಿವಾಸಿಗಳು ‘ಕ್ವಾಹಾಗ್’ ಎಂಬ ಈ ದಪ್ಪ ಚಿಪ್ಪಿನ ಜೀವಿಯನ್ನು ತಿನ್ನುತ್ತಿದ್ದರು. ಚಿಪ್ಪಿನ ನೇರಿಳೆ ಭಾಗದಿಂದ ಮಣಿಗಳನ್ನು ಮಾಡುತ್ತಿದ್ದರು. ನಮ್ಮ ಕರಾವಳಿಯ ಮರುವಾಯಿಯನ್ನು ಬಲ್ಲವರಿಗೆ ಇದರ ಸ್ವರೂಪವನ್ನು ಊಹಿಸುವುದು ಕಷ್ಟವಲ್ಲ. ಬಾಸ್ಟನ್ನಿನಲ್ಲಿ 1829ರಲ್ಲಿ ಮೊದಲು ಪ್ರಕಟವಾದ ಲಿಡಿಯಾ ಮರಿಯಾ ಚೈಲ್ಡಳ ಗೃಹಿಣೀಗ್ರಂಥದ 1830ರ ದಶಕದ ಆವೃತ್ತಿಗಳಲ್ಲಿ, ಮೀನಿನ ಚೌಡರಿಗೆ ಕೆಲವು ಕಪ್ಪೆಚಿಪ್ಪುಗಳನ್ನು ಸೇರಿಸಿದರೆ ಹಿತವೆಂಬ ಸೂಚನೆಯಿದೆ. ಅದೇ ವಿಧಿಯಲ್ಲಿ ಟೊಮೇಟೊ ಕೆಚಪ್ಪಿಗೂ ಪ್ರಶಂಸೆಯುಂಟು! ಮುಂದೆ 1939ರಲ್ಲಿ ಮೇನ್ ಸಂಸ್ಥಾನದ ಶಾಸನಸಭೆಯಲ್ಲಿ, ಚೌಡರಿಗೆ ಟೊಮೇಟೊ ಹಾಕುವುದನ್ನೇ ನಿಷೇಧಿಸಬೇಕೆಂಬ ಮಸೂದೆ ಮಂಡಿತವಾಯಿತು. ಸಂಪ್ರದಾಯದ ಹೆಸರಿನಲ್ಲಿ ಹೊರಟ ಆ ಮಸೂದೆಗಿಂತ ಚೈಲ್ಡಳ ಪುಸ್ತಕವೇ ನೂರು ವರ್ಷ ಹಿರಿದು.

ಹರ್ಮನ್ ಮೆಲ್‌ವಿಲ್ಲನ ‘ಮೋಬಿ ಡಿಕ್’ (1851) ಕಾದಂಬರಿಯ ಒಂದು ಅಧ್ಯಾಯಕ್ಕೆ ಚೌಡರೆಂದೇ ಹೆಸರು. ನ್ಯಾಂಟಕೆಟ್ ದ್ವೀಪದ ವಸತಿಗೃಹದಲ್ಲಿ ಬಡಿಸುವ ಆ ಚೌಡರಿನಲ್ಲಿ ಕಪ್ಪೆಚಿಪ್ಪು, ಪುಡಿಮಾಡಿದ ಬಿಸ್ಕತ್ತು, ಹಂದಿಮಾಂಸ, ಬೆಣ್ಣೆಗಳಿವೆ. ಹಾಲಿನ ಪ್ರಸ್ತಾಪ ಬರುವುದು ಬೇರೆಡೆ: ಅಲ್ಲಿಯ ಹಸು ಮೀನಿನ ಅವಶೇಷ ತಿಂದು, ಹಾಲಿಗೂ ಮೀನಿನ ವಾಸನೆ ಹತ್ತಿದೆಯೆಂಬ ವಿನೋದದಲ್ಲಿ. ಈ ಸಾಕ್ಷ್ಯವನ್ನು ಎಚ್ಚರದಿಂದ ಬಳಸಬೇಕು. ಮೆಲ್‌ವಿಲ್ ನ್ಯಾಂಟಕೆಟ್ಟಿಗೆ ಮೊದಲು ಹೋದುದು ಕಾದಂಬರಿ ಅಚ್ಚಾದ ಮೇಲೆ, 1852ರಲ್ಲಿ. ಆದರೂ 1841ರಲ್ಲಿ ಅದೇ ಸೀಮೆಯಿಂದ ತಿಮಿಂಗಿಲದ ಹಡಗನ್ನೇರಿದ್ದವನ ಮಾತನ್ನು ಪೂರ್ತಿ ತಳ್ಳಿಹಾಕಲಾಗದು.

1879ರಲ್ಲಿ ಸ್ಥಾಪಿತವಾದ ಬಾಸ್ಟನ್ ಪಾಕಶಾಲೆಯ ಪರಂಪರೆಯಲ್ಲಿ ಹಾಲಿಗೆ ಸ್ಥಿರವಾದ ಸ್ಥಾನ ಕಾಣುತ್ತದೆ. ಫ್ಯಾನಿ ಫಾರ್ಮರಳ 1896ರ ಗ್ರಂಥದ ವಿಧಿಯಲ್ಲಿ ಆಲೂಗಡ್ಡೆ 4 ಬಟ್ಟಲು, ಕಾಯಿಸಿದ ಹಾಲು 4 ಬಟ್ಟಲು. ಕಪ್ಪೆಚಿಪ್ಪಿನ ನೀರಿನಿಂದ ಹಾಲು ಒಡೆಯುವ ಸಂಭವವಿರುವುದರಿಂದ, ಬೆಣ್ಣೆ ಹಿಟ್ಟುಗಳಿಂದ ಅದನ್ನು ಮಂದಗೊಳಿಸಿ ಕೊನೆಗೆ ಸೇರಿಸಬೇಕೆಂದು ಆಕೆ ಹೇಳುತ್ತಾಳೆ. ಎಂದರೆ ಹಿಟ್ಟು ಇಲ್ಲಿ ವೈಭವಕ್ಕಾಗಿ ಬಂದುದಲ್ಲ. ಹಾಲನ್ನು ರಕ್ಷಿಸಲು ಬಂದುದು. ಕಡಾಯಿಯನ್ನು ತಾಸುಗಟ್ಟಲೆ ಬಿಸಿಯಾಗಿಡಬೇಕಾದ ಹೋಟೆಲುಗಳಿಗೆ ಈ ರಕ್ಷಣೆ ಇನ್ನಷ್ಟು ಅವಶ್ಯವಾಗಿ, ಹಿಟ್ಟೂ ಕೆನೆಯೂ ಹೆಚ್ಚುತ್ತ ಹೋದುವೆಂದು ಊಹಿಸಲು ಅವಕಾಶವಿದೆ.

ಈ ದೃಷ್ಟಿಯಿಂದ ನೋಡಿದರೆ ಮನೆಯ ಅಡಿಗೆಯ ಕ್ರಮ ಸುಲಭವಾಗಿ ತಿಳಿಯುತ್ತದೆ. ಮರಳು ಹೋಗುವಂತೆ ತೊಳೆದ ಚಿಪ್ಪುಗಳನ್ನು ಸ್ವಲ್ಪ ನೀರಿನಲ್ಲಿ ಬಾಯಿ ಬಿಡುವವರೆಗೆ ಬೇಯಿಸಿ, ಬಾಯಿ ಬಿಡದವನ್ನು ಎಸೆದು, ಮಾಂಸವನ್ನು ಬಿಡಿಸಿ, ನೀರನ್ನು ಬಟ್ಟೆಯಲ್ಲಿ ಸೋಸಬೇಕು. ಹಂದಿಮಾಂಸದ ಕೊಬ್ಬಿನಲ್ಲಿ ಈರುಳ್ಳಿ ಬಾಡಿಸಿ, ಹಿಟ್ಟನ್ನು ಬಣ್ಣ ಬಾರದಂತೆ ಹುರಿದು, ಸೋಸಿದ ನೀರನ್ನು ಕ್ರಮೇಣ ಹಾಕಿ, ಆಲೂಗಡ್ಡೆ ಬೆಂದ ಮೇಲೆ ಬೆಚ್ಚಗಿನ ಹಾಲು, ಕೆನೆ ಬೆರೆಸಬೇಕು. ಅನಂತರ ಕುದಿಸಬಾರದು. ಮಾಂಸ ಬಹಳ ಬೆಂದರೆ ರಬ್ಬರಿನಂತಾಗುವುದರಿಂದ ಅದು ಕೊನೆಗೆ. ಅಂದೇ ಉಣ್ಣುವ ಮನೆಯವರಿಗೆ ಹಿಟ್ಟು ಅತ್ಯಲ್ಪ ಸಾಕು.

ಫಾರ್ಮರಳ ವಿಧಿಯಲ್ಲಿ 8 ಬಿಸ್ಕತ್ತುಗಳನ್ನು ಸೀಳಿ, ತಣ್ಣನೆಯ ಹಾಲಿನಲ್ಲಿ ನೆನೆಸಿ ಚೌಡರಿಗೇ ಸೇರಿಸುವುದುಂಟು. ಇಂದಿನ ಹೋಟೆಲುಗಳಲ್ಲಿ ಅವು ಪುಟ್ಟ ಕ್ರ್ಯಾಕರುಗಳಾಗಿ, ಬಟ್ಟಲಿನ ಪಕ್ಕದಲ್ಲಿ ಪ್ರತ್ಯೇಕವಾಗಿ ಬರುತ್ತವೆ.