ಹೋಪ್ ವಿದ್ಯಾರ್ಥಿವೇತನದ ಪ್ರಸಂಗ

ವೈದ್ಯರಾಗಬೇಕೆನ್ನುವವರು ವಿಜ್ಞಾನದ ಪಾಠಕ್ಕೆ ಬೇರೆಯಾಗಿ ಹಣ ತೆರಬೇಕಾಗುವ ಕಷ್ಟವು ಈಚಿನದೆಂದು ನಾವು ಭಾವಿಸುವುದುಂಟು. ಬ್ರಿಟನ್ನಿನ ಹೆಂಗಸರು ಒಂದೂವರೆ ಶತಮಾನಕ್ಕೂ ಹಿಂದೆಯೇ ಅದನ್ನು ಅನುಭವಿಸಿದರು. ಎಲಿಜಬೆತ್ ಗ್ಯಾರೆಟ್ ಎಂಬಾಕೆಯು 1860ರಲ್ಲಿ ಲಂಡನ್ನಿನ ಮಿಡಲ್‌ಸೆಕ್ಸ್ ಆಸ್ಪತ್ರೆಯಲ್ಲಿ ದಾದಿಯಾಗಿ ಸೇರಿ, ಅಂಗರಚನಾಶಾಸ್ತ್ರವನ್ನೂ ಶರೀರಶಾಸ್ತ್ರವನ್ನೂ ಹಣ ಕೊಟ್ಟು ಖಾಸಗಿಯಾಗಿ ಕಲಿತಳು. 1865ರಲ್ಲಿ ಅಪೋತಿಕರಿಗಳ ಸಂಘದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ವೃತ್ತಿಯ ಪರವಾನಗಿಯನ್ನೂ ಪಡೆದಳು. ಆ ಬಳಿಕ ಸಂಘದವರು ನಿಯಮವನ್ನು ತಿದ್ದಿ, ಖಾಸಗಿ ಪಾಠವು ಸಲ್ಲದೆಂದು ಗೊತ್ತುಮಾಡಿದರು. ವಿದ್ಯಾಶಾಲೆಗಳಿಗೋ ಹೆಂಗಸರಿಗೆ ಪ್ರವೇಶವಿಲ್ಲ. ಹೀಗೆ ಆಕೆ ನಡೆದ ದಾರಿಯು ಆಕೆಯ ಬೆನ್ನ ಹಿಂದೆಯೇ ಮುಚ್ಚಿಹೋಯಿತು.

1869ರಲ್ಲಿ ಸೋಫಿಯಾ ಜೆಕ್ಸ್-ಬ್ಲೇಕ್ ಎಂಬಾಕೆಯು ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಹಾಕಿದಳು. ಒಬ್ಬಳಿಗಾಗಿ ಪ್ರತ್ಯೇಕ ಏರ್ಪಾಡು ಸಾಧ್ಯವಿಲ್ಲವೆಂದು ಉತ್ತರ ಬಂದಿತು. ಆಕೆಯು ಸಂಗಾತಿಗಳನ್ನು ಕೂಡಿಸಿಕೊಂಡು ಮತ್ತೆ ಕೇಳಿದಳು. ಆ ಅಕ್ಟೋಬರಿನ ಪ್ರವೇಶಪರೀಕ್ಷೆಗೆ ಕುಳಿತ 152 ಮಂದಿಯಲ್ಲಿ ಹೆಂಗಸರು ಐವರು; ಮೊದಲ ಏಳು ಸ್ಥಾನಗಳಲ್ಲಿ ನಾಲ್ಕು ಅವರ ಪಾಲಾದುವು. ಮುಂದೆ ಇಬ್ಬರು ಸೇರಿ ಒಟ್ಟು ಏಳು ಮಂದಿಯಾದರು.

ವಿಶ್ವವಿದ್ಯಾನಿಲಯವು ಮಾಡಿದ ನಿಯಮವನ್ನು ವಾಚಕರು ಗಮನಿಸಬೇಕು. ಹೆಂಗಸರಿಗೆ ಪ್ರತ್ಯೇಕ ತರಗತಿ. ಪಾಠ ಹೇಳುವುದೂ ಬಿಡುವುದೂ ಅಧ್ಯಾಪಕರ ಇಷ್ಟ. ತರಗತಿ ಚಿಕ್ಕದಾದರೆ ಹೆಚ್ಚು ಶುಲ್ಕವನ್ನು ಗೊತ್ತುಮಾಡಿಕೊಳ್ಳಬಹುದು. ಇದು ಕೇವಲ ದುರಾಶೆಯಲ್ಲ. ಆ ಕಾಲದಲ್ಲಿ ಅಲ್ಲಿಯ ಅಧ್ಯಾಪಕರ ವರಮಾನದ ದೊಡ್ಡ ಭಾಗವು ವಿದ್ಯಾರ್ಥಿಗಳು ತರಗತಿಗೆ ತೆರುತ್ತಿದ್ದ ಹಣವೇ ಆಗಿತ್ತು. ಇನ್ನೂರು ಮಂದಿ ಕೂಡುವ ಕಡೆ ಐವರೇ ಕುಳಿತರೆ ಅಧ್ಯಾಪಕರ ಶ್ರಮಕ್ಕೆ ಬೆಲೆಯೆಲ್ಲಿ? ಆದರೆ ಬೇರೆ ಕೂರಬೇಕೆಂಬುದು ವಿಶ್ವವಿದ್ಯಾನಿಲಯದ ನಿಯಮ. ಬೇರ್ಪಡಿಸಿದವರು ಒಬ್ಬರು, ಬೇರ್ಪಟ್ಟುದಕ್ಕೆ ದಂಡ ತೆತ್ತವರು ಇನ್ನೊಬ್ಬರು.

ರಸಾಯನಶಾಸ್ತ್ರದ ಅಧ್ಯಾಪಕನಾದ ಕ್ರಮ್ ಬ್ರೌನನು ಅದೇ ಪಾಠವನ್ನು ಬೇರೆ ಹೊತ್ತಿನಲ್ಲಿ ಹೇಳಿದನು, ಪರೀಕ್ಷೆಯೂ ಅದೇ. 1870ರಲ್ಲಿ ಫಲ ತಿಳಿದಾಗ, ಮೊದಲ ಸಲ ಕುಳಿತವರೆಲ್ಲರಲ್ಲಿ ಎಡಿತ್ ಪೀಚಿ ಎಂಬ ತರುಣಿಯು ಅಗ್ರಸ್ಥಾನದಲ್ಲಿದ್ದಳು. ಅಂಥವರಿಗೆ ಹೋಪ್ ವಿದ್ಯಾರ್ಥಿವೇತನವು ಸಲ್ಲಬೇಕು. ಅದನ್ನು ಪಡೆದವರಿಗೆ ಪ್ರಯೋಗಶಾಲೆಯ ಉಪಯೋಗವು ಉಚಿತ. ಪ್ರತ್ಯೇಕವಾಗಿ ಓದಿದವಳು ತರಗತಿಗೆ ಸೇರಿದವಳಲ್ಲವೆಂದು ಹೇಳಿ, ಅದನ್ನು ಆಕೆಗಿಂತ ಕೆಳಗಿದ್ದ ಗಂಡಸರಿಗೆ ಕೊಟ್ಟರು. ಹೆಂಗಸರು ವಿದ್ಯಾಸಭೆಗೆ ಮೊರೆಯಿಟ್ಟರು. ಸಭೆಯು ಒಂದೇ ಮತದ ಆಧಿಕ್ಯದಿಂದ, ಅವರಿಗೆ ತರಗತಿಯ ಸಾಮಾನ್ಯ ಪ್ರಮಾಣಪತ್ರವು ಸಲ್ಲುವುದೆಂದಿತು. ಒಂದೇ ಮತದ ಆಧಿಕ್ಯದಿಂದ, ವೇತನವು ಸಲ್ಲದೆಂದಿತು! ಹಾಗಾದರೆ ಆಕೆ ಆ ತರಗತಿಯವಳೋ ಅಲ್ಲವೋ? ತರ್ಕಶಾಸ್ತ್ರವನ್ನೂ ಕಲಿಸುತ್ತಿದ್ದ ವಿದ್ಯಾಪೀಠವದು.

ಆ ವೇತನದ ಮೂಲಧನದ ಕಥೆಯನ್ನು ಇಲ್ಲಿ ಹೇಳದೆ ಬಿಡಲಾಗದು. ಹಿಂದೆ ಅದೇ ಪೀಠದಲ್ಲಿದ್ದ ಥಾಮಸ್ ಚಾರ್ಲ್ಸ್ ಹೋಪ್ ಎಂಬ ವಿದ್ವಾಂಸನು 1826ರಲ್ಲಿ ನಗರದ ಸ್ತ್ರೀಯರಿಗಾಗಿ ರಸಾಯನಶಾಸ್ತ್ರದ ಉಪನ್ಯಾಸಗಳನ್ನು ಕೊಟ್ಟಿದ್ದನು. ಕೇಳಲು ಬಂದ ಸ್ತ್ರೀಯರು ತೆತ್ತ ಹಣದಿಂದಲೇ ಈ ಬಹುಮಾನವು ಹುಟ್ಟಿತು. ಹೆಂಗಸರು ಕೂಡಿಸಿದ ಗಂಟು, ಹೆಂಗಸೆಂಬ ಕಾರಣಕ್ಕೆ ಹೆಂಗಸಿಗೆ ದೊರೆಯಲಿಲ್ಲ.

1873ರಲ್ಲಿ ನ್ಯಾಯಸ್ಥಾನವು, ಅವರನ್ನು ಸೇರಿಸಿಕೊಳ್ಳುವ ಅಧಿಕಾರವೇ ವಿಶ್ವವಿದ್ಯಾನಿಲಯಕ್ಕೆ ಇರಲಿಲ್ಲವೆಂದು ತೀರ್ಪಿತ್ತಿತು. ತೆತ್ತ ಶುಲ್ಕಕ್ಕೆ ಪದವಿಯಿಲ್ಲ. ಆ ಏಳು ಮಂದಿಗೆ ಎಡಿನ್‌ಬರೋ ಪದವಿಯನ್ನಿತ್ತುದು 2019ರಲ್ಲಿ, ಮರಣೋತ್ತರವಾಗಿ.

ಪೀಚಿಯು 1877ರಲ್ಲಿ ಸ್ವಿಟ್ಜರ್‌ಲೆಂಡಿನ ಬರ್ನ್ ನಗರದಲ್ಲಿ ವೈದ್ಯಪದವಿಯನ್ನು ಪಡೆದು, 1883ರ ಕೊನೆಗೆ ಮುಂಬಯಿಗೆ ಬಂದಳು. ಹೆಂಗಸರಿಗೂ ಮಕ್ಕಳಿಗೂ ಏರ್ಪಟ್ಟ ಕಾಮಾ ಆಸ್ಪತ್ರೆಯ ಮೇಲ್ವಿಚಾರಣೆಯು ಆಕೆಯದಾಯಿತು. ಬಾಲ್ಯವಿವಾಹದ ಮೊಕದ್ದಮೆಯಿಂದ ಹೆಸರಾದ ರುಖ್ಮಾಬಾಯಿಗೆ ವೈದ್ಯವಿದ್ಯೆ ಕಲಿಯುವಂತೆ ಧೈರ್ಯ ಹೇಳಿದವರಲ್ಲಿ ಈಕೆಯೂ ಒಬ್ಬಳು. ರುಖ್ಮಾಬಾಯಿಯು ಓದಿದುದು ಜೆಕ್ಸ್-ಬ್ಲೇಕಳು 1874ರಲ್ಲಿ ಲಂಡನ್ನಿನಲ್ಲಿ ಕಟ್ಟಿದ ಸ್ತ್ರೀಯರ ವೈದ್ಯಶಾಲೆಯಲ್ಲಿ. 1895ರಲ್ಲಿ ಹಿಂದಿರುಗಿ ಸೂರತ್ತಿನ ಹೆಂಗಸರ ಆಸ್ಪತ್ರೆಯಲ್ಲಿ ಕೆಲಸಕ್ಕೆ ನಿಂತಳು.