ಸರತಿಯ ಧರ್ಮ: ಹೃದಯಾಘಾತ ಮತ್ತು ತುರ್ತು ಚಿಕಿತ್ಸೆ

ಜೈನಾಚಾರ್ಯರು ನಾಲ್ಕು ದಾನಗಳಲ್ಲಿ ಔಷಧದಾನವನ್ನೂ ಅಭಯದಾನವನ್ನೂ ಎಣಿಸಿದರು. ವ್ಯಾಧಿಪೀಡಿತ ಮುನಿಯ ಶುಶ್ರೂಷೆಯನ್ನೊಳಗೊಂಡ ವೈಯಾವೃತ್ಯವನ್ನು ಅಂತರಂಗ ತಪಸ್ಸೆಂದು ಕರೆದರು. ಆದರೆ ಅನೇಕ ರೋಗಿಗಳು ಏಕಕಾಲಕ್ಕೆ ಬಂದಾಗ ಮೊದಲ ಔಷಧ ಯಾರಿಗೆ? ಇದು ವೈದ್ಯಶಾಸ್ತ್ರದ ಪ್ರಶ್ನೆಯಾಗಿರುವಂತೆಯೇ ಧರ್ಮದ ಪ್ರಶ್ನೆಯೂ ಆಗಿದೆ.

ಇದಕ್ಕೆ ಸ್ಪಷ್ಟವಾದ ಒಂದು ಉತ್ತರ ಯುದ್ಧಭೂಮಿಯಿಂದ ಬಂದಿತು. ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯ ಡೊಮಿನಿಕ್ ಜೀನ್ ಲಾರ್ರೆ (1766–1842) ಗಾಯಾಳುಗಳ ಪದವಿಯನ್ನು ಗಣಿಸದೆ, ಗಾಯದ ತೀವ್ರತೆಯನ್ನು ನೋಡಿ ಚಿಕಿತ್ಸೆ ನೀಡುವ ಪದ್ಧತಿಯನ್ನು ಆಚರಣೆಗೆ ತಂದನು. ಸೇನಾಧಿಕಾರಿಗಿಂತ ಸಾಮಾನ್ಯ ಸೈನಿಕನ ಗಾಯ ಘೋರವಾಗಿದ್ದರೆ ಸೈನಿಕನೇ ಮೊದಲು. ಇಂದಿನ ಆಸ್ಪತ್ರೆಗಳ ತುರ್ತು ಚಿಕಿತ್ಸಾ ವಿಭಾಗಗಳು ಅನುಸರಿಸುವುದು ಈ ನ್ಯಾಯವನ್ನೇ. ಸಕಲ ಜೀವಿಗಳಲ್ಲಿ ಸಮಭಾವವನ್ನು ಬೋಧಿಸುವ ಧರ್ಮಕ್ಕೆ ಇದು ಅಪರಿಚಿತವಲ್ಲ.

ರಕ್ತ ಸುರಿಯುವ ಗಾಯವು ಎಲ್ಲರ ಕಣ್ಣಿಗೂ ಬೀಳುತ್ತದೆ. ಹೃದಯದ ಆಘಾತ ಕಾಣುವುದಿಲ್ಲ. 1768ರಲ್ಲಿ ಇಂಗ್ಲೆಂಡಿನ ವಿಲಿಯಂ ಹೆಬರ್ಡನ್ ನಡೆಯುವಾಗ ಎದೆಯನ್ನು ಹಿಂಡುವ ನೋವನ್ನು ವರ್ಣಿಸಿದನು. ಹೃದಯದ ರಕ್ತನಾಳ ಮುಚ್ಚಿದರೆ ಕೂಡಲೇ ಮರಣವೆಂಬ ನಂಬಿಕೆಯನ್ನು ಅಮೆರಿಕದ ಜೇಮ್ಸ್ ಹೆರಿಕ್ 1912ರಲ್ಲಿ ಪ್ರಶ್ನಿಸಿ, ರೋಗಿ ಬದುಕಿರುವಾಗಲೇ ವ್ಯಾಧಿಯನ್ನು ಗುರುತಿಸಬಹುದೆಂದು ತೋರಿಸಿದನು. ಇ.ಸಿ.ಜಿ. ಯಂತ್ರವನ್ನು ರೂಪಿಸಿದ ಐಂಥೋವನ್ 1924ರಲ್ಲಿ ನೊಬೆಲ್ ಪಾರಿತೋಷಕ ಪಡೆದನು. ರಕ್ತದ ಹೆಪ್ಪನ್ನು ಕರಗಿಸುವ ಔಷಧ ಹಾಗೂ ಆಸ್ಪಿರಿನ್ ಪ್ರಾಣರಕ್ಷಕಗಳೆಂಬುದು 1986 ಮತ್ತು 1988ರ ವಿಶಾಲ ಅಧ್ಯಯನಗಳಿಂದ ದೃಢಪಟ್ಟಿತು. ಅಂದಿನಿಂದ ಕಾಲವೇ ಔಷಧದ ಅರ್ಧಭಾಗವಾಯಿತು. ಎದೆನೋವಿನಿಂದ ಬಂದವನಿಗೆ 10 ನಿಮಿಷಗಳೊಳಗೆ ಇ.ಸಿ.ಜಿ. ಆಗಬೇಕೆಂಬುದು ಈಗಿನ ವೈದ್ಯನಿಯಮ.

ದಾವಣಗೆರೆಯಲ್ಲಿ 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಮಹಾವಿದ್ಯಾಲಯ ಆರಂಭವಾಯಿತು. ಚಿಗಟೇರಿ ಜಿಲ್ಲಾ ಆಸ್ಪತ್ರೆಯೂ ನಗರದಲ್ಲಿದೆ. ತುಂಗಭದ್ರೆಯ ದಡದ ಹರಿಹರ ಅಲ್ಲಿಗೆ ಸುಮಾರು 14 ಕಿ.ಮೀ. ಹಾದಿ ಚಿಕ್ಕದು, ಮನೆಯೊಳಗಿನ ಹಿಂಜರಿಕೆ ಅದಕ್ಕಿಂತ ದೊಡ್ಡದಾಗಬಲ್ಲದು. 2008ರಿಂದ ಕರ್ನಾಟಕದಲ್ಲಿ 108 ತುರ್ತು ವಾಹನ ಸೇವೆಯಿದೆ. 2021ರ ಅಕ್ಟೋಬರ್ 29ರಂದು 46ರ ಹರೆಯದಲ್ಲೇ ಅಗಲಿದ ನಟ ಪುನೀತ್ ರಾಜ್‌ಕುಮಾರರ ಹೆಸರಿನಲ್ಲಿ 2023ರಲ್ಲಿ ಘೋಷಿತವಾದ ‘ಹೃದಯ ಜ್ಯೋತಿ’ ಯೋಜನೆಯು, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಉಚಿತವಾಗಿ ದೊರಕಿಸುವ ಉದ್ದೇಶದ್ದು.

ಆದರೆ ಯಾವ ಯೋಜನೆಯೂ ಮನೆಬಾಗಿಲನ್ನು ದಾಟಿ ಬಂದು ರೋಗಿಯನ್ನು ಎಬ್ಬಿಸಲಾರದು. ಎದೆಯ ನಡುವೆ ಭಾರ, ಎಡತೋಳಿಗೂ ದವಡೆಗೂ ಬೆನ್ನಿಗೂ ಹರಡುವ ನೋವು, ತಣ್ಣನೆಯ ಬೆವರು, ಉಬ್ಬಸ, ವಾಂತಿ ಇವು ಲಕ್ಷಣಗಳು. ಸ್ತ್ರೀಯರಲ್ಲಿ, ವೃದ್ಧರಲ್ಲಿ, ಮಧುಮೇಹಿಗಳಲ್ಲಿ ನೋವೇ ಇಲ್ಲದೆ ಆಯಾಸ ಮಾತ್ರ ಕಾಣಬಹುದು. ದಶಲಕ್ಷಣ ಪರ್ವದ ಉಪವಾಸದಲ್ಲಿರುವ ಶ್ರಾವಿಕೆ ಇದನ್ನು ಪಿತ್ತವೆಂದೋ ಉಪವಾಸದ ನಿತ್ರಾಣವೆಂದೋ ಭಾವಿಸಿ ಬೆಳಗಿನವರೆಗೆ ಸಹಿಸುವುದು ಅಸಂಭವವಲ್ಲ. ರಾತ್ರಿ ಔಷಧ ಸೇವನೆಯ ಬಗ್ಗೆ ವ್ರತಿಗಳಿಗೆ ಸಂದೇಹವಿದ್ದರೆ ಅದನ್ನು ಗುರುಗಳಲ್ಲಿ ಪರ್ವಕ್ಕೆ ಮುನ್ನವೇ ಕೇಳಿ ತಿಳಿಯತಕ್ಕದ್ದು. ಎದೆನೋವಿನ ನಡುರಾತ್ರಿ ಅದಕ್ಕೆ ತಕ್ಕ ಹೊತ್ತಲ್ಲ.

ಪ್ರಮಾದದಿಂದ ಪ್ರಾಣಕ್ಕಾಗುವ ಹಾನಿಯೇ ಹಿಂಸೆಯೆಂದು ಆಚಾರ್ಯರು ವಿವರಿಸಿದ್ದಾರೆ. ತಿಳಿದೂ ತಡಮಾಡುವುದು ಪ್ರಮಾದ; ಪರಿಚಯದ ಬಲದಿಂದ ಇನ್ನೊಬ್ಬನ ಸರತಿಯನ್ನು ಮೀರುವುದೂ ಪ್ರಮಾದವೇ. ಬಸದಿಯ ಫಲಕದಲ್ಲಿ ಪರ್ವದ ದಿನಗಳೊಡನೆ ಈ ಲಕ್ಷಣಗಳನ್ನೂ 108 ಸಂಖ್ಯೆಯನ್ನೂ ಬರೆಸುವುದು ಟ್ರಸ್ಟುಗಳಿಗೆ ಕಷ್ಟವಲ್ಲ. ಚಿಕಿತ್ಸಾಲಯದ ಬಾಗಿಲಲ್ಲಿ ತನ್ನ ಅಲ್ಪ ಜ್ವರವನ್ನು ಹಿಂದಿಟ್ಟು, ಬೆವರುತ್ತ ಬಂದ ಕೂಲಿಯವನಿಗೆ ದಾರಿಬಿಡುವ ಶ್ರಾವಕನು ಹಣವಿಲ್ಲದೆಯೇ ಅಭಯದಾನವನ್ನು ಮಾಡಿದವನಾಗುತ್ತಾನೆ.